ಅಡಿಕೆಗೆ 351 ರೂಪಾಯಿ ಮುಯ್ಯಿ

ಬೆಳಿಗ್ಗೆ ಆಸ್ರಿ ಕುಡೀತಾ ಪೇಪರ್ ಬಿಡಿಸಿದ್ರೆ ಮತ್ತದೇ ಸುದ್ದಿ, ವಿದೇಶಿ ಅಡಿಕೆ ಲೋಡ್ ಸಿಕ್ಕಿಬಿತ್ತಂತೆ. ಕೆಳಗೆ ಅದೇ ಹಳೇ ಭರವಸೆ: ಬೆಳೆಗಾರರು ಗಾಬರಿ ಆಗೋದು ಬೇಡ, ಕನಿಷ್ಠ ಆಮದು ಬೆಲೆ ಇದೆಯಲ್ಲ.

ಇದೆ ಮಾರಾಯ್ರೆ. ಮೊದಲು ಕೇಜಿಗೆ 251 ಇತ್ತು, 2023ರಲ್ಲಿ 351 ಮಾಡಿದ್ರು. ಅಂಕಿ ನೋಡಿದ್ರೇ ಗೊತ್ತಾಗತ್ತೆ, ಬರೆದವರು ಯಾವುದೋ ಮದುವೆ ಊಟ ಮುಗಿಸಿ ಸೀದಾ ಆಫೀಸಿಗೆ ಬಂದವರು. ಮೇಲೊಂದು ರೂಪಾಯಿ ಸೇರಿಸಿ ಕವರಲ್ಲಿ ಹಾಕಿ ಕೊಟ್ಟಿದ್ದಾರೆ, ಅಕ್ಷತೆ ಒಂದು ಬಾಕಿ. ಕಾಳುಮೆಣಸಿಗೆ 2017ರಲ್ಲಿ ಬರೀ 500 ಅಂತ ಇಟ್ರು, ಆ ಒಂದು ರೂಪಾಯಿ ಮರೆತೇಹೋಯ್ತು.

ಇದಕ್ಕಿಂತ ಕಮ್ಮಿ ರೇಟಿನ ಮಾಲು ಒಳಗೆ ಬರೋ ಹಾಗಿಲ್ಲ. ಸರಿ, ರೇಟು ಹೇಳೋದು ಯಾರು? ತರಿಸೋನ ಬಿಲ್ಲು. ನಾವಿಲ್ಲಿ ಮಳೆಗಾಲ ಪೂರ್ತಿ ಕೊಳೆರೋಗಕ್ಕೆ ಮದ್ದು ಹೊಡೆಸಿ, ಮರ ಹತ್ತಿ ಕೊನೆ ಕೊಯ್ಯೋ ಕೊನೆಗೌಡನ ಮನೆಗೆ ನಾಲ್ಕು ಸಲ ಓಡಾಡಿ, ಸುಲಿಸಿ ಬೇಯಿಸಿ ಒಣಗಿಸಿ ಆಮೇಲೆ ಆ ರೇಟಿನ ಮುಖ ನೋಡ್ಬೇಕು, ಅಲ್ಲಿ ಒಬ್ಬ ಪೆನ್ನಲ್ಲಿ ಗೀಚಿದ್ರೆ ಮುಗೀತು. ಅದೂ ಕಷ್ಟ ಆದ್ರೆ ಹುರಿದ ಅಡಿಕೆ ಅಂತ ತಂದ್ರು. 2025ರ ಏಪ್ರಿಲಲ್ಲಿ ಹುರಿದದ್ದಕ್ಕೂ 351 ಅಂದಾಯ್ತು. ಮುಂದೆ ಒಗ್ಗರಣೆ ಹಾಕಿದ ಅಡಿಕೆ ಬರತ್ತೆ, ನೋಡ್ತಿರಿ.

ಇದೆಲ್ಲ ಕಳ್ಳದಾರಿ ಆಯ್ತು. 2022ರಲ್ಲಿ ಭೂತಾನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ಈ ಕನಿಷ್ಠ ಬೆಲೆಯ ರಗಳೆ ಇಲ್ಲದೆ ತರಬಹುದು ಅಂತ ಸರ್ಕಾರವೇ ಬೇಲಿ ದಣಪೆ ತೆಗೀತು. ನಮ್ಮ ಅಪ್ಪಚ್ಚಿ ಆಗ ಕೇಳಿದ್ದ, "ತಮಾ, ನಮ್ಮನೆ ಅಡಿಕೆನೂ ಒಂದ್ಸಲ ಭೂತಾನಿಗೆ ಹೋಗಿ ಬಂದ್ರೆ ಮರ್ಯಾದೆ ಸಿಗ್ತನ?"

ಗೇರುಸೊಪ್ಪೆ ಚೆನ್ನಭೈರಾದೇವಿನ ಪೋರ್ಚುಗೀಸರು ಮೆಣಸಿನ ರಾಣಿ ಅಂತಿದ್ರು. ನಮ್ಮ ಘಟ್ಟದ ಮೆಣಸಿಗೋಸ್ಕರ ಅಷ್ಟು ದೂರದಿಂದ ಹಡಗು ಬರ್ತಿತ್ತು. ಈಗ್ಲೂ ಬರತ್ತೆ, ಮೆಣಸು ತುಂಬ್ಕೊಂಡು! ಒಪ್ಪಂದದ ಪ್ರಕಾರ ಶ್ರೀಲಂಕಾದಿಂದ ವರ್ಷಕ್ಕೆ 2,500 ಟನ್ ಸುಂಕ ಇಲ್ಲದೆ. ಅದರಲ್ಲಿ ಎಷ್ಟು ಕಾಳು ಶ್ರೀಲಂಕಾ ಹೆಸರಲ್ಲಿ ಬಂದ ವಿಯೆಟ್ನಾಂ ಬಳ್ಳೀದು ಅಂತ ಕಾಳನ್ನೇ ಕೇಳ್ಬೇಕು. ರಾಣಿ ಈಗಿದ್ದಿದ್ರೆ ಆಕೆನೂ ಸೊಸೈಟಿ ಕಟ್ಟೆ ಮೇಲೆ ಕೂತು ಮೊಬೈಲಲ್ಲಿ ಇವತ್ತಿನ ರೇಟ್ ನೋಡ್ತಿದ್ಲು.

ಆಯ್ತು, ನಕ್ಕಿದ್ದು ಸಾಕು. ಎಲೆಚುಕ್ಕಿ ರೋಗ ಬಂದು ತೋಟ ಹಾಳಾಗ್ತಿದೆ, ಮಾರ್ಚ್ ಒಳಗೆ ಸಾಲ ಕಟ್ಬೇಕು, ಮನೆಲಿರೋದು ಮುದುಕ್ರು. ಲೋಡ್ ಹಿಡಿದ್ರೆ ಪೇಪರಲ್ಲಿ ಬರತ್ತೆ, ಹಿಡೀದೆ ಹೋದದ್ದು ಎಲ್ಲೂ ಬರಲ್ಲ, ಅದು ನಮಗೆ ಸೊಸೈಟಿ ಟೆಂಡರ್ ರೇಟು ಬಿದ್ದಾಗಲೇ ಗೊತ್ತಾಗೋದು. ಎಷ್ಟು ವರ್ಷದಿಂದ ಮನವಿ ಕೊಡ್ತಾ ಬಂದ್ವಿ, ಹಾರ ಹಾಕಿದ್ವಿ, ಫೋಟೋ ತೆಗೆಸ್ಕೊಂಡ್ವಿ.

ಇವತ್ತು ಅಪ್ಪಚ್ಚಿ ಚಾಲಿ ಅಡಿಕೆ ಚೀಲ ಗಾಡಿಗೆ ಹೇರ್ತಾ ಮತ್ತೆ ಕೇಳಿದ, "ಕೊಟ್ಟೇಬಿಡ್ಲಾ ತಮಾ, ಇನ್ನೊಂದು ವಾರ ನೋಡ್ಲಾ?"

ನಂಗೆಂತ ಗೊತ್ತು.