ಆಕ್ಸಿಮೀಟರ್ ಹೇಳದ ಸಂಗತಿ
ಕೊರೊನಾ ಸೋಂಕು ರಕ್ತವನ್ನೂ ಮೂತ್ರಪಿಂಡವನ್ನೂ ಹೇಗೆ ಕಾಡುತ್ತದೆ ಎಂಬುದರ ಕುರಿತ ಲೇಖನವೊಂದನ್ನು ಎರಡು ಸಲ ಓದಿದೆ. 2021ರ ಮೇ ತಿಂಗಳಿನಲ್ಲಿ ನಮ್ಮ ತಂದೆ ಆಸ್ಪತ್ರೆಯಲ್ಲಿದ್ದಾಗ ಮನೆಮಂದಿಯೆಲ್ಲರ ಕಣ್ಣು ಆಕ್ಸಿಮೀಟರ್ ಮೇಲೆಯೇ ನೆಟ್ಟಿತ್ತು. ಉಸಿರಾಟ ಸುಧಾರಿಸಿತೆಂದು ಸಮಾಧಾನಪಡುವಷ್ಟರಲ್ಲಿ ರಕ್ತ ಹೆಪ್ಪುಗಟ್ಟುತ್ತಿರಬಹುದೆಂದು ಸೂಚಿಸುವ ಡಿ-ಡೈಮರ್ ಏರಿತು, ಅದರ ಬೆನ್ನಿಗೇ ಮೂತ್ರಪಿಂಡದ ಕೆಲಸ ಕುಂದಿದಾಗ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಕೂಡ. ಹೊಟ್ಟೆಯ ಚರ್ಮಕ್ಕೆ ಹೆಪಾರಿನ್ ಚುಚ್ಚುಮದ್ದು ಏಕೆ ಕೊಡುತ್ತಾರೆಂದು ಆಗ ನಮಗೆ ತಿಳಿದಿರಲಿಲ್ಲ; ಅದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ. ವೈರಾಣು ಅಂಟಿಕೊಳ್ಳುವ ಎಸಿಇ-2 ಗ್ರಾಹಕಗಳು (ಕೋಶದ ಮೇಲ್ಮೈಯ ಒಂದು ಬಗೆಯ ಪ್ರೋಟೀನ್) ಮೂತ್ರಪಿಂಡದ ಕೋಶಗಳಲ್ಲಿಯೂ ಇವೆ. ಜೊತೆಗೆ ಉರಿಯೂತದಿಂದ ರಕ್ತನಾಳಗಳ ಒಳಪದರ ಹಾಳಾದರೆ ರಕ್ತ ಹೆಪ್ಪುಗಟ್ಟುತ್ತದೆ. ಮೂತ್ರಪಿಂಡದ ಅತಿ ಸಣ್ಣ ನಾಳಗಳನ್ನು ಮುಚ್ಚಲು ಪುಟ್ಟ ಹೆಪ್ಪುಗಳೇ ಸಾಕು.

ಲೇಖನದಲ್ಲಿ ಒಂದು ಮಾತು ಬಿಟ್ಟುಹೋಗಿದೆ. ಜ್ವರ, ವಾಂತಿ, ಭೇದಿಯಿಂದ ದೇಹದ ನೀರು ಇಳಿದಿರುವಾಗ ಮೈಕೈ ನೋವಿಗೆಂದು ಔಷಧಿ ಅಂಗಡಿಯಿಂದ ಡೈಕ್ಲೋಫೆನಾಕ್‌ನಂತಹ ಮಾತ್ರೆ ತಂದು ನುಂಗುವವರು ಬಹಳ. ಅದು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ಇನ್ನಷ್ಟು ತಗ್ಗಿಸುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ದಯವಿಟ್ಟು ವೈದ್ಯರನ್ನು ಕೇಳದೆ ಅಂತಹ ಮಾತ್ರೆ ಮುಟ್ಟಬೇಡಿ. ಗುಣವಾದ ಮೇಲೂ ಕ್ರಿಯಾಟಿನಿನ್ ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂದು ಪರೀಕ್ಷಿಸಿಕೊಳ್ಳಿ. ನಮ್ಮ ತಂದೆಗೆ ನಾಲ್ಕು ಸಲ ಡಯಾಲಿಸಿಸ್ ಮಾಡಬೇಕಾಯಿತು. ಈಗ ಅದರ ಅಗತ್ಯವಿಲ್ಲ, ಆದರೆ ಆರು ತಿಂಗಳಿಗೊಮ್ಮೆ ಈ ಎರಡೂ ಪರೀಕ್ಷೆಗಳನ್ನು ತಪ್ಪದೆ ಮಾಡಿಸುತ್ತೇವೆ.