ಇವತ್ತು, ನಾಳೆ, ಇರಲಿ

ನಮ್ಮ ಮನೆಯಲ್ಲಿ ಒಳ್ಳೆಯ ಆಲೂಗಡ್ಡೆಗೆ ಬರವಿಲ್ಲ. ಅದನ್ನು ತಿನ್ನುವ ಯೋಗ ಮಾತ್ರ ಮನೆಯವರಾದ ನಮಗಿಲ್ಲ. ಪುನರ್ವಸು ಮಳೆ ಹಿಡಿದುಕೊಂಡಿರುವ ಈ ಹೊತ್ತಿನಲ್ಲಿ ಉಗ್ರಾಣದಲ್ಲಿ ಅರ್ಧ ಚೀಲದಷ್ಟು ಆಲೂಗಡ್ಡೆ ಗಟ್ಟಿಮುಟ್ಟಾಗಿ ಕುಳಿತಿದೆ. ಆದರೂ ನಾನು ಈ ದಿನ ಬೆಳಿಗ್ಗೆ ಒಂದು ಕಡೆ ಮೆತ್ತಗಾದ, ಇನ್ನೊಂದು ಕಡೆ ಮೊಳಕೆಯೊಡೆದ, ನಡುವೆ ಕಪ್ಪಾದ ಗಡ್ಡೆಗಳನ್ನೇ ಈಳಿಗೆಮಣೆಯ ಮುಂದೆ ಹರಡಿಕೊಂಡು, ಪಲ್ಯಕ್ಕೆ ಒದಗುವ ಭಾಗ ಎಲ್ಲಾದರೂ ಉಳಿದಿದೆಯೇ ಎಂದು ಹುಡುಕುತ್ತ ಕುಳಿತಿದ್ದೆ. ಇದಕ್ಕೆ ಕಾರಣ ಮಳೆಯಲ್ಲ, ಕೊಳೆರೋಗವೂ ಅಲ್ಲ. ಕಾರಣ ನಮ್ಮ ಮಾವನವರ ಶಿಸ್ತು.

ಮಳೆಗಾಲಕ್ಕೆ ಮನೆ ತುಂಬಿಸಿಕೊಳ್ಳುವುದನ್ನು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೇ ತಿಂಗಳು ಮುಗಿಯುವುದರೊಳಗೆ ಸೌದೆ ಕೊಟ್ಟಿಗೆಯ ಪಕ್ಕಕ್ಕೆ, ಹಪ್ಪಳ ಸಂಡಿಗೆ ಡಬ್ಬಿಗೆ, ಆಲೂಗಡ್ಡೆ ಈರುಳ್ಳಿಯ ಚೀಲಗಳು ಉಗ್ರಾಣಕ್ಕೆ ಸೇರಿರಬೇಕು. ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ಸರಿದಿರುವ ಮನೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ನೆರೆಹೊರೆಯ ನಮಗೂ ಅದರಲ್ಲಿ ಧಾರಾಳವಾದ ಪಾಲಿದೆ. ಮನೆಯಲ್ಲಿ ಬೆಳೆದ ಸುವರ್ಣಗಡ್ಡೆ, ಕೆಸುವಿನ ಗಡ್ಡೆ, ಗೆಣಸು ಹೇಗೂ ಇರುತ್ತವೆ, ಆಲೂಗಡ್ಡೆಯನ್ನು ಮಾತ್ರ ಶಿವಮೊಗ್ಗದಿಂದ ತರಿಸಬೇಕು. ಮೇ ತಿಂಗಳಿನಲ್ಲಿ ಸಿಗುವ ಆಲೂಗಡ್ಡೆ ಹೆಚ್ಚಿನ ಪಾಲು ಉತ್ತರ ಭಾರತದಲ್ಲಿ ಫೆಬ್ರುವರಿ, ಮಾರ್ಚಿನ ಹೊತ್ತಿಗೆ ಕಿತ್ತು ಶೀತಲಗೃಹದಲ್ಲಿಟ್ಟದ್ದು. ಅಲ್ಲಿ 2ರಿಂದ 4 ಡಿಗ್ರಿ ಚಳಿಯಲ್ಲಿ ಸುಮ್ಮನೆ ಮಲಗಿದ್ದ ಗಡ್ಡೆ ನಮ್ಮ ಉಗ್ರಾಣದ ಬೆಚ್ಚನೆಯ ತೇವಕ್ಕೆ ಬಂದೊಡನೆ ಎಚ್ಚರಗೊಂಡು ಮೊಳಕೆ ಚಾಚಲು ತೊಡಗುತ್ತದೆ.

ಮಾವನವರ ಕಾರ್ಯ ಆರಂಭವಾಗುವುದು ಇಲ್ಲಿಂದ. ದಿನವೂ ಸಂಜೆ ದೀಪ ಹಚ್ಚಿದ ಮೇಲೆ ಅವರು ಉಗ್ರಾಣದಲ್ಲಿ ಮಣೆ ಹಾಕಿಕೊಂಡು ಕುಳಿತು, ಗೋಣಿಯ ಮೇಲೆ ಆಲೂಗಡ್ಡೆಗಳನ್ನು ಸುರುವಿ, ಒಂದೊಂದನ್ನೂ ಕೈಗೆತ್ತಿಕೊಂಡು, ವೈದ್ಯರು ನಾಡಿ ಹಿಡಿಯುವಂತೆ ಹೆಬ್ಬೆರಳಿನಿಂದ ಒತ್ತಿ, ಮೂಗಿನ ಹತ್ತಿರ ತಂದು ಮೂಸಿ, ಕಣ್ಣು ಮುಚ್ಚಿ ಒಂದು ಕ್ಷಣ ಆಲೋಚಿಸಿ, ಮೂರು ರಾಶಿಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ. ಮೊದಲನೆಯ ರಾಶಿಯ ಹೆಸರು ‘ಇವತ್ತು’, ಎರಡನೆಯದು ‘ನಾಳೆ’, ಮೂರನೆಯದು ‘ಇರಲಿ’. ಅಡುಗೆಮನೆಗೆ ಪ್ರವೇಶವಿರುವುದು ‘ಇವತ್ತು’ ರಾಶಿಗೆ ಮಾತ್ರ. ‘ಇರಲಿ’ ರಾಶಿಯ ಗಡ್ಡೆ ಎಷ್ಟೇ ನುಣುಪಾಗಿ, ಎಷ್ಟೇ ಆಸೆ ಹುಟ್ಟಿಸುವಂತಿದ್ದರೂ ಅದು ಕೆಟ್ಟು ‘ನಾಳೆ’ಗೆ ಇಳಿದು, ಇನ್ನಷ್ಟು ಕೆಟ್ಟು ‘ಇವತ್ತು’ ಆಗುವವರೆಗೆ ಯಾರೂ ಮುಟ್ಟುವಂತಿಲ್ಲ. ನಮ್ಮ ಮನೆಯಲ್ಲಿ ಈ ದಿನ ಏನು ಅಡುಗೆ ಎಂಬುದನ್ನು ನಿರ್ಧರಿಸುವವರು ಅತ್ತೆಯೂ ಅಲ್ಲ, ನಾನೂ ಅಲ್ಲ; ಕೊಳೆತ ಗಡ್ಡೆಗಳ ಸಂಖ್ಯೆ. ಹೆಚ್ಚು ಕೆಟ್ಟಿದ್ದರೆ ಪಲ್ಯ, ಇನ್ನೂ ಹೆಚ್ಚು ಕೆಟ್ಟಿದ್ದರೆ ಪಲ್ಯ ಮತ್ತು ಸಾಗು ಎರಡೂ. ಏನೂ ಕೆಡದಿದ್ದ ದಿನ ಬಾಳೆಕಾಯಿ.

ನಮ್ಮವರು ಒಮ್ಮೆ ಧೈರ್ಯ ಮಾಡಿ, “ಅಪ್ಪಾ, ಒಳ್ಳೆಯದನ್ನೇ ಮೊದಲು ತಿಂದರೆ ಏನಾಗುತ್ತದೆ?” ಎಂದು ಕೇಳಿದ್ದರು. “ಆಗ ಕೆಟ್ಟದ್ದನ್ನು ಯಾರು ತಿನ್ನುತ್ತಾರೆ?” ಎಂಬ ಮರುಪ್ರಶ್ನೆ ಬಂತು. ಅದಕ್ಕೆ ಉತ್ತರ ಹುಡುಕಲೆಂದು ನಮ್ಮವರು ಗಡ್ಡೆ ಕಾಪಿಡುವ ಬಗ್ಗೆ ಬರೆದಿರುವುದನ್ನೆಲ್ಲ ಓದತೊಡಗಿದರು. ಓದಿದಷ್ಟೂ ಅಪ್ಪನ ಪಕ್ಷವೇ ಬಲವಾಗುತ್ತ ಹೋಯಿತು. ಗಾಯವಾದ ಗಡ್ಡೆಯನ್ನು ಮೊದಲು ಬಳಸಿರಿ, ಆಗಾಗ ನೋಡಿ ಕೊಳೆತದ್ದನ್ನು ತೆಗೆಯಿರಿ, ಒಂದರ ರಸ ಸೋರಿದರೆ ಪಕ್ಕದ್ದೂ ಕೆಡುತ್ತದೆ ಎಂದೇ ಎಲ್ಲರೂ ಬರೆದಿದ್ದಾರೆ. ಕೊಳೆತದ್ದನ್ನು ತೆಗೆದು ಎಸೆಯಿರಿ ಎಂಬ ಅರ್ಥದಲ್ಲಿ ಬರೆದಿದ್ದಾರೆಯೇ ಹೊರತು ಸೊಸೆಗೆ ಕೊಡಿರಿ ಎಂದಲ್ಲ ಎಂಬುದು ನನ್ನ ವಾದ, ಅದನ್ನು ಕೇಳುವವರಿಲ್ಲ. ಮೃದುವಾಗಿ ಹಿಡಿಯಿರಿ, ಒತ್ತಬೇಡಿರಿ ಎಂದೂ ಅಲ್ಲಿ ಬರೆದಿತ್ತು. ದಿನಾ ಹೆಬ್ಬೆರಳು ತಾಗಿದ ಕಡೆಯಲ್ಲೇ ಗಡ್ಡೆ ಮೆತ್ತಗಾಗುತ್ತಿದೆಯಲ್ಲವೇ ಎಂದು ಅತ್ತೆ ಸೂಚಿಸಿದಾಗ, ಮೆತ್ತಗಾಗುವ ಕಡೆ ಯಾವುದೆಂದು ತಮ್ಮ ಹೆಬ್ಬೆರಳಿಗೆ ಮೊದಲೇ ಗೊತ್ತಿರುತ್ತದೆ ಎಂದು ಮಾವನವರು ವಿವರಿಸಿದರು.

ಹೋದ ವಾರ ಹಾಸನದ ಕಡೆಯ ನೆಂಟರೊಬ್ಬರು ಬಂದಿದ್ದರು; ಅವರು ಸ್ವತಃ ಆಲೂಗಡ್ಡೆ ಬೆಳೆಯುವವರು. ಅಂಥವರ ಎಲೆಗೆ ‘ಇವತ್ತು’ ರಾಶಿಯ ಪಲ್ಯ ಬಡಿಸುವುದು ಮರ್ಯಾದೆಯ ಪ್ರಶ್ನೆಯಾದ್ದರಿಂದ, ಮಾವನವರು ಸ್ನಾನಕ್ಕೆ ಹೋಗಿದ್ದ ಸಮಯ ನೋಡಿ ಅತ್ತೆ ಸೆರಗಿನಲ್ಲಿ ನಾಲ್ಕಾರು ಒಳ್ಳೆಯ ಗಡ್ಡೆಗಳನ್ನು ತಂದು ಬೇಯಿಸಿದರು. ಊಟಕ್ಕೆ ಕುಳಿತ ಮಾವನವರು ಪಲ್ಯದ ಒಂದು ಹೋಳನ್ನು ಎತ್ತಿ ಬೆಳಕಿಗೆ ಹಿಡಿದು, “ಇದು ‘ಇರಲಿ’ಯದ್ದಲ್ಲವೇ?” ಎಂದರು. ನೆಂಟರು ಕುತೂಹಲದಿಂದ ಊಟ ನಿಲ್ಲಿಸಿ, “ಇರಲಿಯೇ? ನಮ್ಮಲ್ಲಿ ಹೆಚ್ಚಾಗಿ ಕುಫ್ರಿ ಜ್ಯೋತಿ. 1968ರಲ್ಲಿ ಬಂದ ತಳಿ, ಇನ್ನೂ ಅದನ್ನೇ ಹಾಕುತ್ತೇವೆ. ಈ ಇರಲಿ ಹೊಸದೋ? ಬೀಜ ಎಲ್ಲಿ ಸಿಗುತ್ತದೆ?” ಎಂದು ಕೇಳಿದರು. ನಾನು ಸಾರು ತರುವ ನೆಪದಲ್ಲಿ ಒಳಗೆ ಹೋದೆ. ಮಾವನವರು ಸ್ವಲ್ಪವೂ ವಿಚಲಿತರಾಗದೆ, ಬಹಳ ದಿನ ಬಾಳಿಕೆ ಬರುತ್ತದೆ, ಆದರೆ ಮನೆಯವರ ಕೈಗೆ ಸಿಗದ ಜಾಗದಲ್ಲಿ ಇಡಬೇಕು ಎಂದು ಸಲಹೆ ಕೊಟ್ಟರು.

ಚಳಿ ದೇಶದವರ ಪದ್ಧತಿಯನ್ನು ಕೇಳಿದರೆ ಹೊಟ್ಟೆಕಿಚ್ಚಾಗುತ್ತದೆ. ಅವರು ಆಲೂಗಡ್ಡೆಯನ್ನು ಕಿತ್ತ ಮೇಲೆ ತೊಳೆಯದೆ ಹತ್ತು ಹದಿನೈದು ದಿನ ಗಾಳಿಯಾಡುವ ಕತ್ತಲೆಯಲ್ಲಿಟ್ಟು ಸಿಪ್ಪೆ ಬಲಿಯಲು ಬಿಡುತ್ತಾರೆ. ಆಮೇಲೆ ನೆಲಮಾಳಿಗೆಯಲ್ಲಿ 4ರಿಂದ 10 ಡಿಗ್ರಿಯ ತಂಪಿನಲ್ಲಿ, ಶೇಕಡ 90ರಷ್ಟು ತೇವಾಂಶದಲ್ಲಿ ಇಡುತ್ತಾರೆ. ಕ್ಯಾರೆಟ್, ಬೀಟ್‌ರೂಟ್‌ಗಳನ್ನು ಒದ್ದೆ ಮರಳಿನಲ್ಲಿ ಹೂಳುತ್ತಾರೆ. ತೇವಾಂಶ ಸಾಲದಿದ್ದರೆ ನೆಲಕ್ಕೆ ನೀರು ಚಿಮುಕಿಸಬೇಕಂತೆ! ನಮ್ಮಲ್ಲಿ ತೇವಾಂಶ ಗೋಡೆಯಿಂದ ತಾನಾಗಿ ಇಳಿದು ಬರುತ್ತದೆ, ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಇಲ್ಲದಿರುವುದು ತಂಪು ಮಾತ್ರ. ಅವರಲ್ಲಿ ಕೆಲವರು ಹೊಲದಲ್ಲೇ ಹುಲ್ಲು ಹಾಸಿ, ಗಡ್ಡೆ ಗುಡ್ಡೆ ಹಾಕಿ, ಮೇಲೆ ಮತ್ತೆ ಹುಲ್ಲು, ಮಣ್ಣು ಮುಚ್ಚಿ ಚಳಿಗಾಲ ಕಳೆಯುತ್ತಾರೆ. ನಮ್ಮಲ್ಲಿ ಹಾಗೆ ಮಾಡಿದರೆ ಮರುದಿನ ಬೆಳಗಾಗುವುದರೊಳಗೆ ಕಾಡುಹಂದಿಯೂ ಮುಳ್ಳುಹಂದಿಯೂ ಬಂದು ಲೆಕ್ಕ ಚುಕ್ತಾ ಮಾಡುತ್ತವೆ.

ತಂಪಿಗೆ ಫ್ರಿಜ್ಜು ಇದೆಯಲ್ಲ ಎನ್ನುವವರಿದ್ದಾರೆ. ಅಲ್ಲಿಟ್ಟರೆ ಆಲೂಗಡ್ಡೆಯ ಪಿಷ್ಟ ಸಕ್ಕರೆಯಾಗಿ, ಎಣ್ಣೆಗೆ ಹಾಕಿದೊಡನೆ ಕಪ್ಪಾಗುತ್ತದೆ; ಗೆಣಸಾದರೆ ಬೇಯಿಸಿದರೂ ನಡುವೆ ಗಟ್ಟಿಯಾಗಿಯೇ ಉಳಿಯುತ್ತದೆ. ಈರುಳ್ಳಿಗೆ ಒಣ ಗಾಳಿ ಬೇಕು, ಆಲೂಗಡ್ಡೆಗೆ ತೇವ ಬೇಕು, ಆದರೆ ಮಾವನವರಿಗೆ ಎರಡೂ ಕಣ್ಣಳತೆಯಲ್ಲಿ ಇರಬೇಕಾದ್ದರಿಂದ ಎರಡೂ ಒಂದೇ ಮಂಚದ ಕೆಳಗೆ. ಇಲಿಗೆ ಹೆದರಿಕೆಯಾಗಲೆಂದು ಅವರು ಉಗ್ರಾಣದಲ್ಲಿ ರಾತ್ರಿಯಿಡೀ ಎಲ್‌ಇಡಿ ದೀಪ ಉರಿಸುತ್ತಾರೆ. ಇಲಿ ಆ ಬೆಳಕಿನಲ್ಲಿ ಆರಿಸಿ ತಿನ್ನುತ್ತದೆ, ಆಲೂಗಡ್ಡೆ ಹಸಿರಾಗುತ್ತದೆ. ಹಸಿರಾದ ಕಡೆ ಸೊಲನಿನ್ ಎಂಬ ವಿಷ ಸೇರಿ ಕಹಿಯಾಗುವುದರಿಂದ ಅಂಥದ್ದನ್ನು ನಾನು ಹೇಳದೆ ಕೇಳದೆ ಗೊಬ್ಬರದ ಗುಂಡಿಗೆ ಎಸೆಯುತ್ತೇನೆ. ಈ ಒಂದು ವಿಷಯದಲ್ಲಿ ನಾನು ರಾಜಿಗೆ ಸಿದ್ಧಳಿಲ್ಲ.

ಹಿಂದೆ ಈ ಗೋಳು ಇಷ್ಟಿರಲಿಲ್ಲವೆಂದು ಅತ್ತೆ ಹೇಳುತ್ತಾರೆ. ಅಡುಗೆಮನೆಯ ಮೇಲಿನ ಅಟ್ಟಕ್ಕೆ ಸೌದೆ ಒಲೆಯ ಶಾಖ, ಹೊಗೆ ಮೂರು ಹೊತ್ತೂ ಏರುತ್ತಿದ್ದುದರಿಂದ ಹೊರಗೆ ಎಷ್ಟೇ ಮಳೆ ಹೊಯ್ದರೂ ಅಲ್ಲಿ ಒಣಗಿ ಬೆಚ್ಚಗಿರುತ್ತಿತ್ತು. ಬೂದಿ ಸವರಿದ ಗೆಣಸು, ಕೆಸುವಿನ ಗಡ್ಡೆ, ಬೀಜದ ಅರಿಶಿನ, ಬಳ್ಳುಳ್ಳಿಯ ಗೊಂಚಲು ಎಲ್ಲವೂ ಅಲ್ಲಿಯೇ. ಮದುವೆಯಾಗಿ ಬಂದ ಹೊಸದರಲ್ಲಿ ಮನೆಯ ನೆನಪಾದಾಗಲೆಲ್ಲ ಗೆಣಸು ತರುವ ನೆಪದಲ್ಲಿ ಅತ್ತೆ ಆ ಅಟ್ಟ ಹತ್ತಿ ಕುಳಿತುಬಿಡುತ್ತಿದ್ದರಂತೆ. ಕಣ್ಣು ಕೆಂಪಾಗಿದ್ದರೆ ಹೊಗೆ ಎನ್ನಬಹುದಿತ್ತು. ಗ್ಯಾಸ್ ಬಂದ ಮೇಲೆ ಹೊಗೆ ಹೋಯಿತು, ಅಟ್ಟಕ್ಕೂ ಬೂಷ್ಟು ಬಂತು. ಈಗ ಅಲ್ಲಿರುವುದು ಕೆಟ್ಟ ಮಿಕ್ಸಿ ಮತ್ತು ಅದು ಬಂದ ರಟ್ಟಿನ ಪೆಟ್ಟಿಗೆ.

ಇಷ್ಟಾದರೂ ಮಾವನವರ ಸೂಕ್ಷ್ಮ ಮೂಗಿನ ಮೇಲೆ ನನಗೆ ಗೌರವವಿತ್ತು. ಮೃಗಶಿರಾ ಮಳೆಯ ಒಂದು ಬೆಳಿಗ್ಗೆ ಮನೆಯೊಳಗೆ ಇಲಿ ಸತ್ತು ಕೊಳೆತ ವಾಸನೆ ಎದ್ದಿತು. ಬಚ್ಚಲು, ಅಟ್ಟ, ಹಂಚಿನ ಸಂದಿ ಹುಡುಕಿದ್ದಾಯಿತು. ಇದು ಇಲಿಯಲ್ಲ, ಯಾವುದೋ ಆಲೂಗಡ್ಡೆ ಒಳಗೊಳಗೇ ಕೊಳೆತಿದೆ ಎಂದು ಮಾವನವರು ತೀರ್ಪು ಕೊಟ್ಟು, ಮೂರೂ ರಾಶಿಗಳನ್ನು ಜಗಲಿಗೆ ಸಾಗಿಸಿ ಒಂದೊಂದನ್ನೇ ಮೂಸಲು ಕುಳಿತರು. ಮಧ್ಯಾಹ್ನದ ಹೊತ್ತಿಗೆ ರಾಶಿಗಳೆಲ್ಲ ಬೆರೆತುಹೋದವು, ವಾಸನೆ ಮಾತ್ರ ಉಗ್ರಾಣ ಬಿಟ್ಟು ಕದಲಲಿಲ್ಲ. ಕೊನೆಗೆ ನೊಣಗಳು ಸಾಲುಗಟ್ಟಿ ಮಂಚದ ಮೂಲೆಗೆ ಹೋಗುತ್ತಿರುವುದನ್ನು ಅತ್ತೆ ಗಮನಿಸಿ ಬಗ್ಗಿ ನೋಡಿದರೆ, ಬಂದವರಿಗೆ ತೋರಿಸಲೆಂದು ಮಾವನವರು ಬೀಜಕ್ಕೂ ಕೊಡದೆ ಹುಳಿಗೂ ಕೊಡದೆ ಇಟ್ಟುಕೊಂಡಿದ್ದ ದೊಡ್ಡ ಸುವರ್ಣಗಡ್ಡೆ, ಮಣ್ಣಿಲ್ಲದೆ, ನೀರಿಲ್ಲದೆ, ಆ ಕತ್ತಲೆ ಮೂಲೆಯಲ್ಲಿ ಅಗಲವಾದ ನೇರಳೆ ಕಂದು ಬಣ್ಣದ ಹೂ ಬಿಟ್ಟಿತ್ತು. ಬಲಿತ ಸುವರ್ಣಗಡ್ಡೆ ಎಲೆಗಿಂತ ಮೊದಲು ಹೂ ಬಿಡುವುದುಂಟು. ಕೊಳೆತ ಮಾಂಸಕ್ಕೆ ಮುತ್ತುವ ಹುಳು ನೊಣಗಳನ್ನು ಕರೆಯುವುದಕ್ಕಾಗಿಯೇ ಅದಕ್ಕೆ ಆ ವಾಸನೆ. ನಮ್ಮವರು ಮೂಗಿಗೆ ಟವೆಲ್ ಕಟ್ಟಿಕೊಂಡು ಅದನ್ನು ಹೊತ್ತೊಯ್ದು ಕೊಟ್ಟಿಗೆಯ ಹಿಂದೆ ನೆಟ್ಟು ಬಂದರು.

ಜಗಲಿಯ ಗಲಿಬಿಲಿಯಲ್ಲಿ ಅತ್ತೆ ಒಂದು ಬುಟ್ಟಿ ಒಳ್ಳೆಯ ಆಲೂಗಡ್ಡೆಯನ್ನು ಒಳಗೆ ಸಾಗಿಸಿ, ರಾತ್ರಿಗೆ ಇಂಗು, ಕರಿಬೇವಿನ ಒಗ್ಗರಣೆ ಹಾಕಿ ಪಲ್ಯ ಮಾಡಿದ್ದರು. ಮನೆಯಲ್ಲಿ ಇನ್ನೂ ಉಳಿದಿದ್ದ ಆ ವಾಸನೆಯಲ್ಲಿ ನಮಗೆ ಯಾರಿಗೂ ತುತ್ತು ಬಾಯಿಗೆ ಹೋಗಲಿಲ್ಲ. ದಿನವಿಡೀ ಮೂಸಿ ಮೂಸಿ ಮೂಗು ಸತ್ತುಹೋಗಿದ್ದ ಮಾವನವರೊಬ್ಬರೇ ಎರಡು ಸಲ ಹಾಕಿಸಿಕೊಂಡು ಉಂಡು, ಕೈ ತೊಳೆಯಲು ಏಳುತ್ತ ನನ್ನ ಕಡೆ ತಿರುಗಿ, “ನೋಡಿದೆಯೇನಮ್ಮ, ‘ಇವತ್ತು’ ರಾಶಿಯದ್ದೇ ಇಷ್ಟು ರುಚಿ, ಸುಮ್ಮನೆ ಗೊಣಗುತ್ತೀರಿ” ಎಂದರು.