ಮಲಗಿದ ಕತ್ತೆಯನ್ನು ಎಬ್ಬಿಸಬೇಡಿ

ಇವತ್ತು ಬೆಳಿಗ್ಗೆ ಅಕ್ಕಲಕೋಟೆಯಲ್ಲಿ ನೋಡಿದ್ದನ್ನು ಬರೆಯದೆ ಇರೋಕೆ ಆಗ್ತಿಲ್ಲ. ಸ್ಟ್ಯಾಂಡಿನಿಂದ ಸ್ವಲ್ಪ ದೂರದ ಬಯಲಲ್ಲಿ ಇಟ್ಟಂಗಿ ಭಟ್ಟಿಯ ಕತ್ತೆಗಳಿದ್ದವು. ಅವುಗಳಲ್ಲೊಂದು ಕಾಲು ಚಾಚಿ, ಪೂರ್ತಿ ಅಡ್ಡ ಬಿದ್ದು ಮಲಗಿತ್ತು. ಮೂವರು ಹುಡುಗರು ಬಂದರು. ಒಬ್ಬ ಮೊಬೈಲ್ ಹಿಡಿದ, ಇನ್ನೊಬ್ಬ ಅದರ ಕಿವಿ ಹತ್ತಿರವೇ ಪಟಾಕಿ ಹಚ್ಚಿದ. ಬೆದರಿ ಎದ್ದ ಕತ್ತೆ ಮುಂಗಾಲು ಮಡಚಿ ಮತ್ತೆ ಬಿತ್ತು. ಅವರಿಗೆ ಬೇಕಿದ್ದ ವಿಡಿಯೋ ಸಿಕ್ಕಿತು.

ನಾನು ಕೂಗಾಡಿದೆ. ಚಹಾ ಕುಡಿಯುತ್ತಾ ನಿಂತಿದ್ದ ಹಿರಿಯರೊಬ್ಬರು ನನಗೇ ಸಮಾಧಾನ ಹೇಳಿದರು. "ಹೋಗ್ಲಿ ಬಿಡವ್ವಾ, ಕತ್ತಿ ನಿಂತಲ್ಲೇ ನಿದ್ದಿ ಮಾಡ್ತದ."

ಈ ಮಾತು ಕೇಳಿ ಕೇಳಿ ಸಾಕಾಗಿದೆ. ಇದು ಅರ್ಧ ನಿಜ ಅಷ್ಟೇ. ಉಳಿದ ಅರ್ಧ ಯಾರಿಗೂ ಬೇಕಿಲ್ಲ.

ಕತ್ತೆ ನಿಂತೇ ತೂಕಡಿಸುತ್ತದೆ, ಹೌದು. ಅದರ ಹಿಂಗಾಲಿನ ಮಂಡಿಚಿಪ್ಪು ತೊಡೆಮೂಳೆಯ ಒಂದು ಉಬ್ಬಿಗೆ ಸಿಕ್ಕಿಕೊಂಡು ಕೀಲು ಬಿಗಿಯಾಗುತ್ತದೆ. ಆಗ ಜಾಸ್ತಿ ಶ್ರಮವಿಲ್ಲದೆ ನಿಲ್ಲಬಹುದು. ಇನ್ನೊಂದು ಹಿಂಗಾಲನ್ನು ಸಡಿಲ ಬಿಟ್ಟು, ಗೊರಸಿನ ತುದಿ ಮಾತ್ರ ನೆಲಕ್ಕೆ ತಾಗಿಸಿಕೊಂಡು ನಿಂತಿರುತ್ತದಲ್ಲ, ಅದೇ. ಆದರೆ ಕಣ್ಣುಗುಡ್ಡೆ ಓಡಾಡುವ ಒಂದು ನಿದ್ದೆ ಇದೆ. ಆಗ ಮೈಯ ಸ್ನಾಯುಗಳೆಲ್ಲ ಸಡಿಲ ಬೀಳುತ್ತವೆ. ಆ ನಿದ್ದೆಯನ್ನು ನಿಂತು ಮಾಡೋಕೆ ಆಗಲ್ಲ. ಮಲಗಲೇಬೇಕು. ಕುದುರೆಗೆ ಅದು ದಿನಕ್ಕೆ ಸುಮಾರು 30 ನಿಮಿಷವಾದರೂ ಬೇಕು. ಕತ್ತೆಯೂ ಅದೇ ಕುಟುಂಬದ ಪ್ರಾಣಿ. ನಾವು ಕಿತ್ತುಕೊಳ್ಳುತ್ತಿರುವುದು ಅಷ್ಟು ಸಣ್ಣ ಹೊತ್ತನ್ನು!

ದಿನಗಟ್ಟಲೆ ಮಲಗೋಕೆ ಸಿಗದಿದ್ದರೆ ನಿಂತಲ್ಲೇ ಆ ನಿದ್ದೆಗೆ ಜಾರಿ ಮುಂಗಾಲು ಕುಸಿಯುತ್ತದೆ. ಬೆಚ್ಚಿ ಎಚ್ಚರವಾಗುತ್ತದೆ. ಮತ್ತೆ ಕುಸಿಯುತ್ತದೆ. ಹಾಗೆ ಬಿದ್ದು ಬಿದ್ದು ಮುಂಗಾಲಿನ ಗಂಟುಗಳಲ್ಲಿ ಗಾಯವಾಗುತ್ತದೆ. ಪೌಷ ಹುಣ್ಣಿಮೆಗೆ ಜೇಜುರಿಯ ಕತ್ತೆ ಬಜಾರಿನಲ್ಲಿ ಹಲ್ಲು ನೋಡಿ ಬೆಲೆ ಕಟ್ಟುತ್ತಾರೆ. ಖಂಡೋಬನ ದರ್ಶನಕ್ಕೆ ಹೋಗುವ ನಮ್ಮವರು ಒಮ್ಮೆ ಆ ಮುಂಗಾಲುಗಳನ್ನೂ ನೋಡಿ ಬನ್ನಿ.

ಇನ್ನೊಂದು ವಿಷಯ. ಕತ್ತೆ ಸುಮ್ನೆ ಎಲ್ಲಿ ಬೇಕಾದರೂ ಮಲಗಲ್ಲ. ಅದರ ಮೂಲ ಆಫ್ರಿಕಾದ ಒಣನಾಡು. ಕುದುರೆಯ ಕೂದಲಿನಷ್ಟು ಅದರ ಕೂದಲು ಮಳೆ ತಡೆಯಲ್ಲ. ಹಾಗಾಗಿ ಒಣನೆಲ ಬೇಕು. ಪರಿಚಯದ ಜೊತೆಗಾರ ಬೇಕು. ಭಯ ಇರಬಾರದು. ಗುಂಪಿನಲ್ಲಿ ಒಂದು ಮಲಗಿದರೆ ಇನ್ನೊಂದು ಎದ್ದು ಕಾಯುತ್ತದೆ. ಇವತ್ತು ಉಳಿದವು ನಿಂತೇ ಇದ್ದವು. ಆ ಧೈರ್ಯದ ಮೇಲೆ ಅದು ಮಲಗಿತ್ತು. ಹಗಲೆಲ್ಲ ಇಟ್ಟಂಗಿ ಹೊತ್ತ ಜೀವಕ್ಕೆ ನಾವು ಕೊಡುವುದೇನು? ಕೆಸರು, ಮುಂಗಾಲಿಗೆ ಹಗ್ಗ, ರಾತ್ರಿಯಿಡೀ ಹಾರ್ನ್.

ಮಾಲೀಕರೂ ಬಡವರು, ಅವರ ಹೊಟ್ಟೆಪಾಡು ನೋಡಬೇಕಲ್ವಾ ಅಂತ ಕೆಲವರು ಹೇಳುತ್ತಾರೆ. ನೋಡೋಣ. ಒಣ ಮಣ್ಣಿಗೆ ದುಡ್ಡು ಬೇಕಾ? ಭಟ್ಟಿಯ ಸುತ್ತ ಇರುವುದೇ ಅದು. ರಾತ್ರಿ ಹಗ್ಗ ಬಿಚ್ಚಿ ಎರಡು ಕತ್ತೆಗಳನ್ನು ಜೊತೆಗೆ ಬಿಟ್ಟರೆ ಯಾವ ಬಡವನೂ ಮುಳುಗಲ್ಲ. ಪಟಾಕಿ ಹಚ್ಚಿದ ಹುಡುಗರಂತೂ ಬಡವರಲ್ಲ, ಅವರ ಬೈಕು ನೋಡಿದ್ದೇನೆ.

ನಮ್ಮ ಅಪ್ಪನ ವಿಷಯ ನಿಮಗೆ ಗೊತ್ತೇ ಇದೆ. ಸೊಲ್ಲಾಪುರದ ಮಿಲ್ಲಿನಲ್ಲಿ ರಾತ್ರಿ ಪಾಳಿ. ಹಗಲು ಅವರು ಮಲಗಿದಾಗ ಅವ್ವ ಬಾಗಿಲಲ್ಲೇ ಕೂತು ಓಣಿಯ ಮಕ್ಕಳನ್ನೆಲ್ಲ ಸುಮ್ಮನಿರಿಸುತ್ತಿದ್ದಳು. ದುಡಿದು ಬಂದವರ ನಿದ್ದೆ ಕೆಡಿಸೋದು ನಮ್ಮ ಮನೆಯಲ್ಲಿ ದೊಡ್ಡ ತಪ್ಪಾಗಿತ್ತು. ಬೆಳಿಗ್ಗೆ ಆ ಕತ್ತೆ ಬಿದ್ದಾಗ ನನಗೆ ಅಳು ಬಂತು. ಯಾಕೆ ಅಂತ ನಮ್ಮ ಓಣಿಯಲ್ಲಿ ಬೆಳೆದವರಿಗೆ ಅರ್ಥವಾಗುತ್ತದೆ.

2012ರ ಜಾನುವಾರು ಗಣತಿಯಲ್ಲಿ ಇಡೀ ದೇಶದಲ್ಲಿ ಸುಮಾರು 3.2 ಲಕ್ಷ ಕತ್ತೆಗಳಿದ್ದವು. 2019ಕ್ಕೆ ಅವು 1.2 ಲಕ್ಷಕ್ಕೆ ಇಳಿದವು. ಉಳಿದಿರುವ ಇಷ್ಟಕ್ಕಾದರೂ ಮಲಗೋಕೆ ಬಿಡಿ.

ಭಟ್ಟಿಯವರ ಜೊತೆ ಸಂಜೆ ಮಾತಾಡಿದೆ. ನಮ್ಮ ಮನೆ ಹಿಂದಿನ ಖಾಲಿ ಜಾಗ ಒಣಗಿದೆ, ಬೇಲಿಯೂ ಇದೆ. ಇವತ್ತು ರಾತ್ರಿಯಿಂದ ಅವರ ಕತ್ತೆಗಳು ಅಲ್ಲಿರುತ್ತವೆ. ಬೇರೆಯವರೂ ತಂದು ಬಿಡಬಹುದು, ಬಾಡಿಗೆ ಬೇಡ. ಪಟಾಕಿ ಹಿಡಿದು ಬರುವ ಹುಡುಗರ ಅಪ್ಪ ಅಮ್ಮಂದಿರು ನನಗೆ ಗೊತ್ತು. ಮೊದಲು ಅವರ ಮನೆಗೇ ಬರುತ್ತೇನೆ.